ಕೀಳದೆ ಬಿಟ್ಟ ಕನ್ನೆಸೊಪ್ಪು

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ನಾಲ್ಕನೆಯ ದಿನ ಬೆಳಿಗ್ಗೆ ಗೋಪಮ್ಮ ಸೊಸೆಯನ್ನು ಹೊರಗೆ ಕರೆದಳು. ಕಂಪೌಂಡ್ ಗೋಡೆಯ ಬುಡದಲ್ಲಿ ಹಬ್ಬಿದ್ದ ಹಸಿರನ್ನು ತೋರಿಸಿ, "ಇದನ್ನ ಯಾರೂ ಕೀಳಬ್ಯಾಡ್ರಿ" ಎಂದಳು.

ಸುಜಾತಾಳ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಸ್ಕೂಟಿಯ ಕೀಲಿ. ರಾಯಚೂರಿನ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದ ಅವಳಿಗೆ ಎಂಟೂವರೆಗೆ ಡ್ಯೂಟಿ.

"ಯಾವದನ್ನ ಅತ್ತಿ?"

"ಇದನ್ನ. ಕನ್ನಿಸೊಪ್ಪು."

"ಅದು ಕಸ ಅಲ್ಲೇನ್ರಿ?"

"ಕಸಾನ. ಯಾರು ಇಲ್ಲಂದ್ರು? ಇರ್ಲಿ ಅದು."

ಸುಜಾತಾ ಗೋಡೆಯ ಕಡೆ ನೋಡಿದಳು. ಮೊದಲ ಮಳೆಗೆ ಎದ್ದ ಬಳ್ಳಿ ಒಂದು ಮೊಳ ಅಗಲಕ್ಕೆ ಮಲಗಿತ್ತು. ಅಲ್ಲಲ್ಲಿ ದೋಣಿಯ ಆಕಾರದ ಹಸಿರು ಗೂಡು, ಗೂಡಿನ ಬಾಯಲ್ಲಿ ಒಂದೊಂದು ನೀಲಿ ಹೂವು. ಎರಡು ಎಸಳು ಮೊಲದ ಕಿವಿಯಂತೆ ಮೇಲಕ್ಕೆ ನಿಂತಿದ್ದವು. ಸ್ಕೂಟಿ ಚಾಲೂ ಮಾಡಿ, "ಸಂಜಿಗಿ ಮಾತಾಡೂಣು" ಎಂದು ಹೋದಳು.

ಗೋಪಮ್ಮ ದೇವದುರ್ಗ ತಾಲೂಕಿನ ಗಬ್ಬೂರಿನವಳು. ಐವತ್ತು ವರ್ಷ ಮಂದಿಯ ಹೊಲದಲ್ಲಿ ಕಸ, ಅಂದರೆ ಕಳೆ, ತೆಗೆದವಳು. ಕೊನೆಯ ಇಪ್ಪತ್ತು ವರ್ಷ ಮೂವತ್ತು ಹೆಂಗಸರ ಗುಂಪಿಗೆ ಮುಂದಾಳು. ಯಾರ ಸಾಲಿನಲ್ಲಿ ಒಂದು ಎಳೆ ಉಳಿದರೂ ಹಿಂದಕ್ಕೆ ಕರೆದು ಕೀಳಿಸುವವಳು. ಗಬ್ಬೂರಿನ ಸುತ್ತಮುತ್ತ ಅವಳ ಹೆಸರು ಹೇಳಿದರೆ ಎಳೆಯ ಹುಡುಗಿಯರು ಕಳೆ ಕೀಳುವ ಕುರ್ಪಿಯನ್ನು ಸರಿಯಾಗಿ ಹಿಡಿಯುತ್ತಿದ್ದರು. ಆ ಕೂಲಿಯಿಂದಲೇ ಮಗ ಅಮರೇಶನನ್ನು ಓದಿಸಿದಳು. ಅಮರೇಶ ಈಗ ಕಲ್ಮಲದ ಶಾಲೆಯಲ್ಲಿ ಮಾಸ್ತರ. ಎರಡು ವರ್ಷದ ಹಿಂದೆ ಮಾನ್ವಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ತಾಯಿಯನ್ನು ಕರೆತಂದಿದ್ದ.

ಪೊರೆ ಬಲಿತ ಮೇಲೆ ಏಳೆಂಟು ವರ್ಷ ಗೋಪಮ್ಮನಿಗೆ ಲೋಕವೆಲ್ಲ ಹೊಗೆ ತುಂಬಿದ ಅಡುಗೆಮನೆಯಾಗಿತ್ತು. ನೀಲಿ ಎಂಬುದು ಬೂದಿಯಾಗಿ ಹೋಗಿತ್ತು. ಬಲಗಣ್ಣಿನ ಪಟ್ಟಿ ಬಿಚ್ಚಿದ ಮರುದಿನ ಹೊರಗೆ ಬಂದವಳು ಆ ಹೂವಿನ ಮುಂದೆ ಕಾಲು ಗಂಟೆ ನಿಂತಿದ್ದಳು. ಮೊಮ್ಮಗಳು ಮೌನೇಶ್ವರಿ ಚಹಾ ಹಿಡಿದು ಬಂದು, "ಯಮ್ಮಾ, ಏನು ನೋಡಾಕತ್ತಿ?" ಎಂದು ಕೇಳಿದಳು.

"ಬಣ್ಣ" ಎಂದಳು ಗೋಪಮ್ಮ. "ಇಷ್ಟ್ ಚಂದ ಇತ್ತೇನು ಇದು? ಇಷ್ಟ್ ಚಂದ ಇದ್ದದ್ದನ್ನ ಕಿತ್ತೆನಾ ನಾ?"

ಸಂಜೆ ರೊಟ್ಟಿ ಬಡಿಯುತ್ತಲೇ ಸುಜಾತಾ ಮಾತು ತೆಗೆದಳು.

"ಅತ್ತಿ, ಮನಿ ಮುಂದ ಪರಸಿ ಕಲ್ಲು ಹಾಕ್ಸೋದದ. ನಮ್ಮ ಕೇಂದ್ರದ ಮಂದಿಗಿ ಇನ್ನೂ ಮನಿ ತೋರ್ಸಿಲ್ಲ. ಊಟಕ್ಕ ಕರಿಬೇಕು. ಮಂದಿ ಬಂದ್ರ ಕಸ ತುಳ್ಕೊಂಡು ಒಳಗ ಬರಬೇಕೇನ್ರಿ?"

"ಒಂದ್ ಮೊಳ ಜಾಗ. ಅದನ್ನ ದಾಟಿ ಬರ್ಲಿ."

"ಮಲ್ಲಿಗಿ ಹಚ್ಚತೀನಿ, ದಾಸಾಳ ಹಚ್ಚತೀನಿ. ಕುಂಡಾದಾಗ ಎಷ್ಟರ ಹಚ್ರಿ, ಬ್ಯಾಡ ಅನ್ನಂಗಿಲ್ಲ. ಇದೊಂದು ಬ್ಯಾಡ."

"ಇದ ಬೇಕು ನನಗ."

ಸುಜಾತಾ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕಿದಳು. "ನೀವಷ್ಟ ಕಿತ್ತೀರೇನು? ನಾ ಹತ್ತು ವರ್ಷದಾಕಿ ಇದ್ದಾಗ ಮಾನ್ವಿ ಕಡೆ ಭತ್ತದ ಗದ್ಯಾಗ ಕಿತ್ತೀನಿ. ಮಳಿಗಾಲ ಬಂತಂದ್ರ ಸಾಲಿ ಬಿಡಿಸ್ತಿದ್ರು. ಹಾಜರಿ ಕರಿವಾಗ ನನ್ನ ಹೆಸರಿಗಿ 'ಕಸಕ್ಕ ಹೋಗ್ಯಾಳ ಸರ' ಅಂತಿದ್ರು, ಹುಡುಗರೆಲ್ಲಾ ನಗ್ತಿದ್ರು. ನನ್ನ ಸ್ವಂತ ಮನಿ ಬಾಗಲ್ದಾಗ ಅದು ಕಾಣಬಾರ್ದು ನನಗ."

ಗೋಪಮ್ಮ ಶೇಂಗಾ ಚಟ್ನಿಯನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿದಳು.

"ಐವತ್ತು ವರ್ಷ ಕಿತ್ತೀನವ್ವ" ಎಂದಳು. "ಒಂದೂ ಮುಪ್ಪಾಗೋದು ನೋಡಿಲ್ಲ. ಹೂ ಬಿಟ್ಟ ಮ್ಯಾಲ ಏನಾಗ್ತದ, ಕಾಯಿ ಹ್ಯಾಂಗ ಆಗ್ತದ, ಒಣಗೋದು ಹ್ಯಾಂಗ, ಒಂದೂ ಗೊತ್ತಿಲ್ಲ. ಕಣ್ಣಿದ್ದಾಗ ನೋಡಾಕ ಬಿಡ್ಲಿಲ್ಲ. ಈಗ ಒಂದು ಕಣ್ಣು ಬಂದದ. ಈ ವರ್ಷ ಒಂದು ನೋಡ್ತೀನಿ."

ಅಮರೇಶ ತಟ್ಟೆಯಿಂದ ತಲೆ ಎತ್ತದೆ, "ಒಂದು ವರ್ಷ ಬಿಡಬಾರದೇನು?" ಎಂದ.

"ನೀವು ಬಿಡು ಅಂದ್ರ ಬಿಟ್ಟಂಗ" ಎಂದಳು ಸುಜಾತಾ. ಅದು ಒಪ್ಪಿಗೆಯೋ ಚುಚ್ಚುಮಾತೋ ಅವನಿಗೆ ತಿಳಿಯಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಒಂದೂವರೆ ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಮುಖಕ್ಕೆ ನೀರು ಎರಚಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ಗೋಪಮ್ಮ ಕರೀ ಚಷ್ಮಾ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಳು, ಉಳಿದವರು ಬಗ್ಗಿದರು.

"ನೀರು ಎಲಿ ಮ್ಯಾಲ ಹಾಕಬ್ಯಾಡ, ಬುಡಕ ಹಾಕು. ಹಸಿ ಇರಬೇಕು, ಕೆಸರಾಗಬಾರ್ದು" ಎಂದು ಮೌನೇಶ್ವರಿಗೆ.

"ಈ ಕೆಂಪು ಗರಸು ಮಣ್ಣು ಅದಕ್ಕ ಸಾಲಂಗಿಲ್ಲ. ಕಲ್ಮಲದಿಂದ ಎರಿಮಣ್ಣು ತಗೊಂಡು ಬಾರಪಾ" ಎಂದು ಅಮರೇಶನಿಗೆ.

ಅಮರೇಶ ಬೈಕಿನ ಹಿಂದೆ ಕಪ್ಪು ಮಣ್ಣಿನ ಚೀಲ ಕಟ್ಟಿಕೊಂಡು ಬಂದ ದಿನ ಪಕ್ಕದ ಮನೆಯ ಚಂದ್ರಕಲಾ ಗೇಟಿನಲ್ಲಿ ನಿಂತಿದ್ದರು. "ಏನ್ರೀ ಮಾಸ್ತರ, ಮನಿ ಮುಂದ ಹೊಲ ಮಾಡಾಕತ್ತೀರೇನು?" ಎಂದು ನಕ್ಕರು. ಅಮರೇಶನೂ ನಕ್ಕ. ಒಳಗೆ ಬಟ್ಟೆ ಮಡಚುತ್ತಿದ್ದ ಸುಜಾತಾ ನಗಲಿಲ್ಲ.

ಮೂರು ವಾರಕ್ಕೆ ಬಳ್ಳಿ ದಪ್ಪನೆಯ ಹಾಸಾಯಿತು. ಉದ್ದ ಓಡಿದ ಕುಡಿಯನ್ನು ಗೆಣ್ಣಿನ ಮೇಲೆ ಚಿವುಟಿಸುತ್ತಿದ್ದಳು ಗೋಪಮ್ಮ. ಚಿವುಟಿದಲ್ಲಿ ಎರಡು ಕವಲು ಬರುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ಮೌನೇಶ್ವರಿ ಗೋಣಿಚೀಲ ಅಡ್ಡ ಕಟ್ಟುತ್ತಿದ್ದಳು. ಕಾಲೇಜಿಗೆ ಹೋಗುವ ಮುಂಚೆ ಹೂ ಎಣಿಸುವುದು ಅವಳಿಗೆ ಅಭ್ಯಾಸವಾಯಿತು. ಹದಿನೆಂಟು, ಇಪ್ಪತ್ತಮೂರು, ಮೂವತ್ತೊಂದು. ಕಾಲೇಜಿನಿಂದ ಬರುವಷ್ಟರಲ್ಲಿ ಒಂದೂ ಇರುತ್ತಿರಲಿಲ್ಲ. ಎಲ್ಲವೂ ನೀರಾಗಿ ಗೂಡಿನೊಳಗೆ ಮುದುರಿರುತ್ತಿದ್ದವು.

"ಮಧ್ಯಾಹ್ನಕ್ಕ ಯಾಕ ಮುಚ್ತಾವ ಯಮ್ಮಾ?"

"ಒಂದ್ ಸಲ ಆಕಾಶ ಹರಿದಿತ್ತಂತ" ಎಂದು ಗೋಪಮ್ಮ ಶುರು ಮಾಡಿದಳು. ಅವಳು ಹೊಲದ ಕತೆಗಳನ್ನೆಲ್ಲ ಹೀಗೆಯೇ, ನಿನ್ನೆ ನಡೆದ ಸುದ್ದಿಯಂತೆ ಹೇಳುತ್ತಿದ್ದಳು. "ಕಸ ತೆಗಿಯಾಕಿ ಒಬ್ಬಾಕಿ ಸಾಲಿನಾಗ ಕುಂತು ಅದಕ್ಕ ಕೌದಿ ಹೊಲಿದಂಗ ಹೊಲಿದ್ಲಂತ. ಕತ್ತರಿಸಿ ಉಳಿದ ತುಂಡೆಲ್ಲಾ ಹೊಲದಾಗ ಬಿದ್ದುವು. ಸೂರ್ಯ ನೆತ್ತಿಗಿ ಬಂದಾಗ ಆಕಾಶ ಬಗ್ಗಿ ನೋಡ್ತದ, ನನ್ನ ತುಂಡು ಕೊಡು ಅಂತದ. ಅದಕ್ಕ ಅವು ಬಚ್ಚಿಟ್ಕೊಂತಾವ."

"ಎಲ್ಲಿ?"

"ಮಣ್ಣಾಗ. ಇದು ಮಣ್ಣೊಳಗೂ ಹೂ ಬಿಡ್ತದ, ಗೊತ್ತಿಲ್ಲೇನು?"

"ಸುಮ್ನ ಇರು ಯಮ್ಮಾ, ಅದು ಕತಿ."

"ಕೆದರಿ ನೋಡು ಹಂಗಾರ."

ಮೌನೇಶ್ವರಿ ಚಮಚದಿಂದ ಬುಡ ಕೆದರಿದಳು. ಬೇರಿನ ನಡುವೆ ದಾರದಂತೆ ಬಿಳಿಯ ಕುಡಿ ಕೆಳಕ್ಕೆ ಇಳಿದಿತ್ತು. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗೂಡು. ಉಗುರಿನಿಂದ ಬಿಡಿಸಿದರೆ ಒಳಗೆ ಮುಚ್ಚಿದ ಮೊಗ್ಗು. ಬೆಳಕು ಕಾಣದ ಹೂವು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಒಳಗೆ ಓಡಿದಳು.

"ಮಮ್ಮಿ, ನೋಡಿಲ್ಲಿ. ಮಣ್ಣಾಗಿನ ಹೂವು."

ಸುಜಾತಾ ನೋಡಿದಳು. "ಇದಕ್ಕನ ಎಷ್ಟು ಕಿತ್ರೂ ಅದು ಸಾಯಂಗಿಲ್ಲ" ಎಂದು, ಮಗಳ ಕೈ ತಿರುಗಿಸಿ ಉಗುರು ತೋರಿಸಿದಳು. "ಕೈ ತೊಳ್ಕೊ. ಈ ಮಣ್ಣು ಉಗುರಾಗ ಕುಂತ್ರ ವಾರಗಟ್ಲೆ ಹೋಗಂಗಿಲ್ಲ."

ಆಗಸ್ಟಿನ ಕೊನೆಗೆ ಗೋಪಮ್ಮನ ತಮ್ಮ ಮಲ್ಲಯ್ಯನ ಮನೆಯಲ್ಲಿ ತೊಟ್ಟಿಲ ಕಾರ್ಯ ಬಂತು. ಅಮರೇಶ ತಾಯಿಯನ್ನು ಗಬ್ಬೂರಿನ ಬಸ್ಸಿಗೆ ಹತ್ತಿಸಿದ. ನಾಲ್ಕು ದಿನ ಬಿಟ್ಟು ಬರುವುದು ಎಂದಾಯಿತು. ಅವಳು ಹೋದ ಮರುದಿನ ಸುಜಾತಾ ರಜೆ ಹಾಕಿ, ಪರಸಿ ಹಾಕುವ ಸತ್ತಾರ್ ಸಾಬ್‌ನನ್ನು ಕರೆಸಿದಳು.

ಅವನು ಗೋಡೆಯ ಬುಡ ನೋಡಿ ತಲೆ ಕೆರೆದುಕೊಂಡ. "ಅಕ್ಕಾ, ಮೊದಲು ಇದನ್ನ ಸಾಫ್ ಮಾಡ್ಬೇಕು. ಒಂದು ಬೇರು ಉಳಿದ್ರೂ ಕಲ್ಲು ಎತ್ತಿ ಬಿಡ್ತದ ಇದು. ನಾಳೆ ಆಳು ಕರ್ಕೊಂಡು ಬರ್ತೀನಿ."

"ನಾಳಿ ಅಂದ್ರ ಆಗಂಗಿಲ್ಲ. ನೀನು ಉಸುಕು ಸಾಣಿಸು" ಎಂದಳು ಸುಜಾತಾ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತಳು.

ಎಡಗೈ ಬುಡ ಹಿಡಿಯಿತು, ಬಲಗೈಯ ಎರಡು ಬೆರಳು ಮಣ್ಣಿನೊಳಗೆ ಇಳಿದು ಬೇರಿನ ಕೆಳಗೆ ಸೇರಿದವು. ಎಳೆಯದೆ ಎತ್ತಬೇಕು, ಎಳೆದರೆ ಗೆಣ್ಣು ಮುರಿದು ಮಣ್ಣಿನಲ್ಲಿ ಉಳಿಯುತ್ತದೆ. ಎತ್ತಿ, ಕೊಡವಿ, ಎಡಕ್ಕೆ. ಎತ್ತಿ, ಕೊಡವಿ, ಎಡಕ್ಕೆ. ಬಿಳಿಯ ಕುಡಿಗಳನ್ನೂ ಬಿಡದೆ ಬೆರಳು ಹುಡುಕಿ ತೆಗೆಯಿತು. ಅರ್ಧ ಗಂಟೆಯಲ್ಲಿ ಗೋಡೆಯ ಬುಡ ಸಾರಿಸಿದ ಅಂಗಳದಂತಾಯಿತು. ಸತ್ತಾರ್ ಸಾಬ್ ಜರಡಿ ಕೆಳಗಿಟ್ಟು ನೋಡಿದ.

"ಸಿಸ್ಟರ್ ಅಂತಾರ ನಿಮಗ. ಹೊಲದ ಕೆಲಸ ಎಲ್ಲಿ ಕಲ್ತ್ರಿ?"

ಸುಜಾತಾ ಕೈ ಕೊಡವಿಕೊಂಡು ಎದ್ದಳು. ಆಗ ಉಡಿಯಿಂದ ಏನೋ ಜಾರಿ ಕಾಲ ಮೇಲೆ ಬಿತ್ತು. ನೋಡಿದರೆ ಉಡಿ ತುಂಬ ಎಳೆಯ ಕುಡಿ. ಕೀಳುವಾಗ ಕೈ ತನ್ನಷ್ಟಕ್ಕೆ ತಾನೇ ತುದಿ ಚಿವುಟಿ ಉಡಿಗೆ ಹಾಕಿತ್ತು. ಕಸಕ್ಕೆ ಹೋದ ಹೆಂಗಸರು ಸಂಜೆ ಬರಿಗೈಲಿ ಬರುವುದಿಲ್ಲ. ಕಿತ್ತದ್ದರಲ್ಲೇ ರಾತ್ರಿಯ ಪಲ್ಯ ಆಯ್ದುಕೊಂಡು ಬರುತ್ತಾರೆ. ಅವಳ ತಾಯಿಯೂ ಹಾಗೆಯೇ ತರುತ್ತಿದ್ದಳು. ಬಿಸಾಡಲು ಮನಸ್ಸಾಗದೆ ಅದನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಳು. ಮರುದಿನ ಸಂಜೆ ತೊಗರಿಬೇಳೆಗೆ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು.

ಗೋಪಮ್ಮನಿಗೆ ಗಬ್ಬೂರಿನಲ್ಲಿ ಮನಸ್ಸು ನಿಲ್ಲಲಿಲ್ಲ. ಕಾರ್ಯ ಮುಗಿದದ್ದೇ ಎರಡು ದಿನ ಮುಂಚೆಯೇ ಬಸ್ಸು ಹತ್ತಿ, ಆ ಸಂಜೆಯೇ ಬಂದಿಳಿದಳು. ಗೇಟು ತೆರೆದು ಒಳಗೆ ಕಾಲಿಟ್ಟವಳ ಪಾದಕ್ಕೆ ತಣ್ಣನೆಯ ಕಲ್ಲು ಹತ್ತಿತು. ಗೋಡೆಯವರೆಗೂ ಬೂದುಬಣ್ಣದ ಪರಸಿ.

"ಪರಸಿ ಹಾಕ್ಸಿದ್ರೇನು" ಎಂದಳು.

"ಹೌದವ್ವ" ಎಂದ ಅಮರೇಶ. "ಬಾ, ಕೈಕಾಲು ತೊಳ್ಕೊ. ಉಣ್ಣಾಕ ಕುಂದ್ರು."

ಬುದ್ಧನ ಫೋಟೋದ ಕೆಳಗೆ ನಾಲ್ವರೂ ಕುಳಿತರು. ಸುಜಾತಾ ಬಡಿಸುವಾಗ ಸೌಟು ಅತ್ತೆಯ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ಬೇರೆ ಪಲ್ಯ ಇರಲಿಲ್ಲ. ಗೋಪಮ್ಮ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿಯುವುದು ನಿಂತಿತು.

"ಇದು ನಮ್ಮ ಬಾಗಲ್ದಾಗಿಂದೇನು?"

"ಹೂಂ ಅತ್ತಿ."

"ಬೇರು?"

"ಅವನ್ನೂ ಕಿತ್ತೀನಿ."

ಮೌನೇಶ್ವರಿ ತನ್ನ ತಟ್ಟೆಯನ್ನು ದೂರ ಸರಿಸಿದಳು. "ಉಣ್ಣು" ಎಂದಳು ಗೋಪಮ್ಮ ಅವಳಿಗೆ. "ಅನ್ನದ ಮ್ಯಾಲ ಸಿಟ್ಟು ಮಾಡಬಾರ್ದು." ತಾನೂ ಎರಡು ರೊಟ್ಟಿ ಪೂರ್ತಿ ಉಂಡಳು. ತಟ್ಟೆ ಒರೆಸಿದಂತೆ ಮಾಡಿ, ಕೈ ತೊಳೆದು ಬಂದು, "ಎಡಗಣ್ಣಿನ ಆಪರೇಷನ್ ಬ್ಯಾಡ ನನಗ" ಎಂದಳು.

"ಯವ್ವಾ, ಬರೋ ತಿಂಗಳು ತಾರೀಖು ಕೊಟ್ಟಾರ" ಎಂದ ಅಮರೇಶ.

"ಬ್ಯಾಡ ಅಂದ್ನಲ್ಲ. ಎರಡು ಕಣ್ಣು ಇಟ್ಕೊಂಡು ಪರಸಿ ನೋಡ್ಲೇನು?"

ಅಂದಿನಿಂದ ಗೋಪಮ್ಮ ಕುರ್ಚಿಯನ್ನು ಒಳಗೆ ಹಾಕಿಸಿಕೊಂಡಳು. ಸೊಸೆ ಬಡಿಸಿದ್ದನ್ನು ಉಣ್ಣುತ್ತಿದ್ದಳು, ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತಿದ್ದಳು, ಅಷ್ಟೇ. ಕಣ್ಣಿನ ಹನಿಯನ್ನು ಮೊಮ್ಮಗಳ ಕೈಯಲ್ಲೇ ಹಾಕಿಸಿಕೊಳ್ಳುತ್ತಿದ್ದಳು. ಎಡಗಣ್ಣಿನ ಪೊರೆ ಮಾಗಿತ್ತು. ತಡ ಮಾಡಿದರೆ ಕಷ್ಟ ಎಂಬುದು ನರ್ಸ್ ಆದ ಸುಜಾತಾಳಿಗೆ ಬೇರೆಯವರು ಹೇಳಬೇಕಿರಲಿಲ್ಲ.

"ಒಂದು ವರ್ಷ ತಡಿಬಹುದಿತ್ತು ನೀ" ಎಂದ ಅಮರೇಶ, ಇಸ್ತ್ರಿ ಮಾಡುತ್ತ.

"ನೀವು ಬಾಯಿ ಬಿಚ್ಚಿ ಒಂದು ಮಾತು ಗಟ್ಟಿಯಾಗಿ ಅಂದಿದ್ರ ತಡಿತಿದ್ದೆ. ಚಂದ್ರಕಲಾ ಅವರು ಹೊಲ ಅಂದಾಗ ನೀವು ನಕ್ರಿ."

"ನಗದ ಏನ್ ಮಾಡ್ಲಿ? ಹೊಲದಾಗಿಂದನ ಬಂದೀವಿ."

"ಅದನ್ನ ಅವರ ಮುಂದ ಅನ್ನಬೇಕಿತ್ತು" ಎಂದಳು ಸುಜಾತಾ. ಆಮೇಲೆ ದನಿ ತಗ್ಗಿಸಿ, "ಕಲ್ಲು ಹಾಕ್ಸಿದ್ದು ಬೇಕಂತನ ಮಾಡೀನಿ, ಒಪ್ಕೊಂತೀನಿ. ಅಡಗಿ ಮಾಡಿದ್ದು ಬೇಕಂತ ಅಲ್ಲ. ಕುಡಿ ಚಿವುಟಿದ ಕೈಗಿ ಖಬರ ಇರ್ಲಿಲ್ಲ" ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಸ್ಕೂಟಿ ತೆಗೆದುಕೊಂಡು ಕಲ್ಮಲದ ಹಾದಿ ಹಿಡಿದಳು. ಊರಿನ ಆಚೆ ಹತ್ತಿ ಹೊಲದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲು ಹಿಡಿದಿದ್ದರು. ಒಡ್ಡಿನ ಮೇಲೆ ನಿಂತು, "ಅಕ್ಕಾರ, ಕನ್ನಿಸೊಪ್ಪು ಸಿಗ್ತದೇನ್ರಿ? ಬೇರು ಸಮೇತ ಬೇಕು" ಎಂದು ಕೇಳಿದಳು.

ಕುರ್ಪಿಗಳು ನಿಂತವು. ಮುಂದಾಳು ಅಯ್ಯಮ್ಮ ತಲೆಯ ಮೇಲಿನ ಟವೆಲು ಸರಿಸಿ ನೋಡಿದಳು. "ಎದಕ್ಕರೀ, ಔಷಧಕ್ಕೇನು?"

"ಮನ್ಯಾಗ ಹಚ್ಚಾಕ."

ಹೊಲವೆಲ್ಲ ನಕ್ಕಿತು. "ಹಚ್ಚಾಕಂತ. ತಾಯಿ, ನಾವು ಇದರ ಸಂತಾನ ತೆಗಿಯಾಕ ದಿನಾ ಬೆನ್ನು ಮುರ್ಕೊಂತೀವಿ."

"ನಮ್ಮತ್ತಿ ಗೋಪಮ್ಮ ಅಂತ, ಗಬ್ಬೂರಿನಾಕಿ. ಐವತ್ತು ವರ್ಷ ಕಿತ್ತಾಳ. ಕಣ್ಣು ಬಂದದ ಈಗ. ಒಂದು ಗಿಡ ಮುಪ್ಪಾಗೋದು ನೋಡ್ಬೇಕಂತ ಇಟ್ಕೊಂಡಿದ್ಲು. ನಾ ಕಿತ್ ಬಿಟ್ಟೆ."

ನಗು ನಿಂತಿತು. ಅಯ್ಯಮ್ಮ ಕೈಯಲ್ಲಿದ್ದ ಕಸವನ್ನು ನೋಡಿದಳು. ಅದರಲ್ಲಿಯೂ ನೀಲಿ ಹೂವಿತ್ತು. "ಹೌದಲ್ಲ" ಎಂದಳು ನಿಧಾನಕ್ಕೆ. "ನಾನೂ ನೋಡಿಲ್ಲ." ಆಮೇಲೆ ದನಿ ಏರಿಸಿ, "ಪುಕ್ಕಟೆ ಕೊಡಂಗಿಲ್ಲ. ಚಪ್ಪಲಿ ಬಿಟ್ಟು ಇಳೀರಿ. ಅಗೋ, ಕಡೀ ಸಾಲು ನಿಮ್ಮದು. ಕಿತ್ತು ಮುಗಿಸಿ, ಬಂದಷ್ಟು ಒಯ್ರಿ" ಎಂದಳು.

ಸುಜಾತಾ ಇಳಿದಳು. ಇಪ್ಪತ್ತೈದು ವರ್ಷದ ಮೇಲೆ ಎರೆಮಣ್ಣು ಕಾಲ ಬೆರಳ ಸಂದಿನಲ್ಲಿ ಏರಿತು. ಅರ್ಧ ಸಾಲಿಗೆ ಸೊಂಟ ಹಿಡಿಯಿತು, ಆದರೂ ಏಳಲಿಲ್ಲ. ಸಾಲು ಮುಗಿಸಿದಾಗ ಅಯ್ಯಮ್ಮ ಬಂದು ಹಿಂದಿನಿಂದ ಮುಂದಿನವರೆಗೆ ನಡೆದು ನೋಡಿದಳು. ಬಗ್ಗಿ ಕೀಳಲು ಏನೂ ಸಿಗಲಿಲ್ಲ. ತಾನೇ ಗೋಣಿ ಒದ್ದೆ ಮಾಡಿ ಕಟ್ಟು ಸುತ್ತಿಕೊಟ್ಟಳು. "ಮುಪ್ಪಾದ ಮ್ಯಾಲ ಹ್ಯಾಂಗಿತ್ತು ಅಂತ ಬಂದು ಹೇಳ್ರಿ" ಎಂದಳು.

ಮನೆಗೆ ಬರುವ ದಾರಿಯಲ್ಲೇ ಸುಜಾತಾ ಸತ್ತಾರ್ ಸಾಬ್‌ಗೆ ಫೋನು ಮಾಡಿದ್ದಳು. ಅವನು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಹಾಕಿ ಹತ್ತು ದಿನ ಆಗಿಲ್ಲ ಅಕ್ಕಾ. ನನ್ನ ಕೆಲಸದಾಗ ಏನು ತಪ್ಪದ?"

"ನಿನ್ನ ಕೆಲಸ ಚೊಕ್ಕ ಅದ. ತಪ್ಪು ನಂದು. ಗೋಡಿ ಬುಡದ ನಾಲ್ಕು ಕಲ್ಲು ಎತ್ತು."

ಸುತ್ತಿಗೆಯ ಸದ್ದಿಗೆ ಗೋಪಮ್ಮ ಬಾಗಿಲಿಗೆ ಬಂದಳು. ಗೋಣಿ ಬಿಚ್ಚಿಕೊಂಡಿತ್ತು. ಸುಜಾತಾ ಮೊಣಕಾಲೂರಿ, ಮಣ್ಣು ಸಡಿಲ ಮಾಡಿ, ಒಂದೊಂದೇ ಬಳ್ಳಿಯನ್ನು ಭತ್ತದ ಸಸಿಯಂತೆ ನೆಟ್ಟಗೆ ನಿಲ್ಲಿಸುತ್ತಿದ್ದಳು. ಗೋಪಮ್ಮ ಸ್ವಲ್ಪ ಹೊತ್ತು ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ನೆಟ್ಟಗ ಇಡಬ್ಯಾಡ. ಮಲಗಿಸು. ಗೆಣ್ಣು ಮಣ್ಣಿಗಿ ಹತ್ತಬೇಕು."

"ಹಿಂಗೇನ್ರಿ?"

"ಇನ್ನೊಂಚೂರು ಮಣ್ಣು ಎಳಿ. ಹಾಂ. ಕೀಳಾಕ ಬರ್ತದ ನಿನಗ, ಹಚ್ಚಾಕ ಬರಂಗಿಲ್ಲ."

"ಕಲಿಸಿದ್ರ ಬರ್ತದ" ಎಂದಳು ಸುಜಾತಾ, ತಲೆ ಎತ್ತದೆ.

"ಮೌನಿ" ಎಂದು ಗೋಪಮ್ಮ ಒಳಗೆ ಕೂಗಿದಳು, "ನನ್ನ ಕುರ್ಚಿ ಹೊರಗ ತಗೊಂಬಾ."

ಮೂರನೆಯ ದಿನಕ್ಕೆ ಬಾಡಿದ ಬಳ್ಳಿ ತಲೆಯೆತ್ತಿತು. ಎಂಟನೆಯ ದಿನಕ್ಕೆ ಒಂದು ಹೂ. ಗೋಪಮ್ಮನ ಎಡಗಣ್ಣಿನ ಆಪರೇಷನ್ ಹೇಳಿದ ತಾರೀಖಿಗೇ ಆಯಿತು. ಕೇಂದ್ರದ ಗೆಳತಿಯರು ಊಟಕ್ಕೆ ಬಂದರು, ಅವರಲ್ಲಿ ಹಿರಿಯರಾದ ಸರ್ವರಿ ಬೇಗಂ ಗೇಟಿನಲ್ಲೇ ನಿಂತು, "ಸುಜಾತಾ, ಈ ನೀಲಿ ಹೂವಿನ ಗಿಡ ಯಾವ ನರ್ಸರಿದು?" ಎಂದು ಕೇಳಿದರು. "ಕಲ್ಮಲದ ಹತ್ತಿ ಹೊಲದ್ದು. ಕಸ ಇದು, ನಮ್ಮತ್ತಿ ಸಾಕ್ಯಾರ" ಎಂದಳು ಸುಜಾತಾ. ಪಕ್ಕದ ಗೇಟಿನ ಹಿಂದೆ ಚಂದ್ರಕಲಾ ಇದ್ದುದನ್ನು ನೋಡಿಯೇ ಅಷ್ಟು ಗಟ್ಟಿಯಾಗಿ ಹೇಳಿದ್ದಳು.

ಡಿಸೆಂಬರಿಗೆ ಬಳ್ಳಿಗೆ ಮುಪ್ಪು ಬಂತು. ಕೆಳಗಿನ ಎಲೆಗಳು ನೇರಳೆಗೆ ತಿರುಗಿ ಉದುರಿದವು. ಕಾಂಡ ಬೆರಳಿನಷ್ಟು ದಪ್ಪವಾಗಿ, ಗೆಣ್ಣುಗೆಣ್ಣಿಗೆ ಕಂದು ರೋಮ ಹೊತ್ತು ನೆಲಕ್ಕೆ ಮೊಣಕೈಯೂರಿ ಕುಳಿತಂತೆ ಕಂಡಿತು. ಹಸಿರು ಗೂಡುಗಳು ಒಣಗಿ ಕಾಗದವಾದವು. ಗೋಪಮ್ಮನಿಗೆ ಈಗ ಬಗ್ಗಲು ಅಡ್ಡಿಯಿರಲಿಲ್ಲ. ಒಂದು ಗೂಡನ್ನು ಬಿಡಿಸಿ ಅಂಗೈಗೆ ತಟ್ಟಿಕೊಂಡಳು. ಬೂದುಬಣ್ಣದ ಐದು ಬೀಜ. ಪ್ರತಿಯೊಂದರ ಮೈಮೇಲೆ ಸೂಜಿಯಲ್ಲಿ ಕೆತ್ತಿದಂಥ ಜಾಲರಿ. ಎರಡೂ ಕಣ್ಣಿಗೆ ಅಷ್ಟು ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

ಸುಜಾತಾ ಊಟದ ಡಬ್ಬಿ ಹಿಡಿದು ಹೊರಗೆ ಬಂದಳು. ಒಣಗಿದ ಹಾಸಿನ ನಡುವೆ, ಒಂದು ಕಡ್ಡಿಯ ತುದಿಯಲ್ಲಿ, ಒಂದೇ ಒಂದು ನೀಲಿ ಹೂ ಅರಳಿತ್ತು.

"ಮುದುಕಿ ಆಗ್ಯದ, ಹೂ ಮುಡಿಯೋದು ಬಿಟ್ಟಿಲ್ಲ ನೋಡು" ಎಂದಳು ಗೋಪಮ್ಮ.

"ಬೀಜ ಉದುರಾಕತ್ತಾವ ಅತ್ತಿ. ಬರೋ ಮಳಿಗಿ ಓಣಿ ತುಂಬ ಇದನ ಏಳ್ತದ."

"ಏಳ್ಲಿ. ನೀ ಕೀಳಿಯಂತ."

"ನಾ?"

"ಮತ್ಯಾರು? ನೀ ಕಲ್ಲು ಎತ್ತಿಸಿದ ದಿನ ನಾ ಗೋಡಿ ಬುಡ ನೋಡೀನಿ. ಒಂದ್ ಎಳಿ ಬಿಟ್ಟಿರಲಿಲ್ಲ ನೀ. ನನ್ನ ಗುಂಪಿನಾಗ ಮೂವತ್ತು ಮಂದಿ ಇದ್ರು. ನಿನ್ನಂಗ ಕಿತ್ತಾಕಿ ಒಬ್ಬಾಕಿನೂ ಇರ್ಲಿಲ್ಲ."

ಸುಜಾತಾ ಡಬ್ಬಿಯನ್ನು ಸ್ಕೂಟಿಯ ಮೇಲಿಟ್ಟಳು. ಡ್ಯೂಟಿಗೆ ಇನ್ನೂ ಕಾಲು ಗಂಟೆಯಿತ್ತು. ಚಪ್ಪಲಿ ಬಿಟ್ಟು ಬಂದು ಅತ್ತೆಯ ಕುರ್ಚಿಯ ಪಕ್ಕದಲ್ಲಿ ಪರಸಿಯ ಮೇಲೆ ಕುಳಿತು, "ಎಲ್ಲಿ, ಬೀಜ ನನಗೂ ತೋರ್ಸ್ರಿ" ಎಂದು ಅಂಗೈ ಚಾಚಿದಳು.